ಜೋಡಿ ಕಟ್ಟಿದ ದೀಪ

ಸೇಡಂ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಅಂಗಡಿ. ಗಾಡಿಗಳ ವೈರಿಂಗ್, ಡೈನಮೊ, ಸೆಲ್ಫು, ಬ್ಯಾಟರಿ, ಇವೇ ನನ್ನ ಕೆಲಸ. ಇಪ್ಪತ್ತೈದು ವರ್ಷ ಇದನ್ನೇ ಮಾಡಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ನನ್ನ ಹತ್ತಿರ ಗಾಡಿ ದುರಸ್ತಿಗೆ ಬರುವವರು ಕಡಿಮೆ, ದೀಪ ಆರಿಸಿಕೊಂಡು ಹೋಗಲು ಬರುವವರೇ ಹೆಚ್ಚು. ಮೀಟರ್ ಬೋರ್ಡಿನಲ್ಲಿ ಕೆಂಪು ದೀಪ ಹತ್ತಿದರೆ "ಏನಾಗ್ಯದ ನೋಡ್ರಿ" ಎಂದು ಕೇಳುವವನು ಅಪರೂಪಕ್ಕೆ ಒಬ್ಬ. ಉಳಿದವರೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಇಂಜಿನ್ ಕೂಡ ನಿಲ್ಲಿಸದೆ, "ಮಿಸ್ತ್ರಿ, ಅದೊಂದ್ ಲೈಟ್ ಬಂದ್ ಮಾಡ್ರಿ, ಹೋಗೂದದ" ಅನ್ನುತ್ತಾರೆ. ಜ್ವರ ಬಂದವನು ದವಾಖಾನೆಗೆ ಹೋಗಿ ಥರ್ಮಾಮೀಟರ್ ಒಡೆದು ಹಾಕಿ ಎಂದಂತೆ.

ಮೊದಲೆಲ್ಲ ಇಂಥವರನ್ನು ಬೈಯುತ್ತಿದ್ದೆ. ಬಾಯಿ ಜೋರು ಎಂದು ಊರಿನಲ್ಲಿ ಹೆಸರಾಗುವಷ್ಟು ಬೈದಿದ್ದೇನೆ. ಈಗ ಬೈಯುವುದಿಲ್ಲ, ಬೈಯುವ ಯೋಗ್ಯತೆ ಕಳೆದುಕೊಂಡಿದ್ದೇನೆ. ನಾನು ನನ್ನ ಕೈಯಾರೆ ಆರಿಸಿದ ಒಂದು ದೀಪದಿಂದ, ನಿಜ ಹೇಳುತ್ತಿದ್ದ ಒಬ್ಬ ಮನುಷ್ಯ ನಾಲ್ಕು ಜನರ ಮುಂದೆ ಸುಳ್ಳುಗಾರನಾದ. ಅವನು ಹೇಳುತ್ತಿರುವುದು ನಿಜವೆಂದು ಗೊತ್ತಿದ್ದವರು ಅಲ್ಲಿ ಇಬ್ಬರೇ ಇದ್ದೆವು, ನಾನು ಮತ್ತು ನನ್ನ ಅಣ್ಣ.

ಅಣ್ಣ ಇರುವುದು ಸುಲೇಪೇಟದಲ್ಲಿ. ಅವನಿಗೆ ಹಳೆಯ ಗಾಡಿಗಳ ಹುಚ್ಚು. ಆ ವರ್ಷ ಶಹಾಬಾದಿನ ಕಲ್ಲಿನ ಗಣಿಯವರೊಬ್ಬರಿಂದ ಒಂದು ಹಳೆಯ ಡೀಸೆಲ್ ಜೀಪು ಕೊಂಡುಕೊಂಡು ಬಂದ. ಮುಂದಿನ ಗಾಲಿ ಹಿಂದಿನ ಗಾಲಿ ಎಲ್ಲವೂ ಎಳೆಯುವ ಗಾಡಿ ಅದು. ನಮ್ಮ ಕಡೆಯ ಕಪ್ಪು ಮಣ್ಣು ಮಳೆಗೆ ಕೆಸರಾದರೆ ಹೊಸ ಗಾಡಿಗಳೆಲ್ಲ ಹೊಟ್ಟೆ ಹಚ್ಚಿ ಕೂತುಬಿಡುತ್ತವೆ. ಇದು ಗುರುಗುಟ್ಟುತ್ತ ಹತ್ತಿಕೊಂಡು ಹೋಗುತ್ತಿತ್ತು. ತಗಡು ತುಕ್ಕು ಹಿಡಿದಿತ್ತು, ಸೀಟಿನಿಂದ ನಾರು ಇಣುಕುತ್ತಿತ್ತು. ಆದರೂ ಅಣ್ಣ ಅದನ್ನು ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದ ರೀತಿ ನೋಡಬೇಕಿತ್ತು, ಮದುಮಗನನ್ನು ಕರೆತಂದವನ ಹಾಗೆ ಮೀಸೆ ತೀಡುತ್ತಿದ್ದ.

"ಎಲ್ಲ ಬರೋಬರ್ ಅದ ತಮ್ಮ. ಅದೊಂದ್ ಕಿಟ್ಲಿ ಲೈಟ್ ಆರವಲ್ದು" ಅಂದ.

ಕಿಟ್ಲಿ ಅಂದರೆ ಎಣ್ಣೆಯ ದೀಪ. ಮೀಟರ್ ಬೋರ್ಡಿನಲ್ಲಿ ಎಣ್ಣೆ ಸುರಿಯುವ ಡಬ್ಬಿಯ ಚಿತ್ರವಿರುತ್ತದೆ, ಅದು ಚಹಾದ ಕಿಟ್ಲಿಯಂತೆ ಕಾಣುವುದರಿಂದ ನಮ್ಮ ಕಡೆಯ ಡ್ರೈವರುಗಳು ಅದಕ್ಕೆ ಹಾಗೆ ಅನ್ನುತ್ತಾರೆ. ಬೋರ್ಡಿನಲ್ಲಿ ಇನ್ನೂ ಮೂರು ದೀಪಗಳಿದ್ದವು. ಬ್ಯಾಟರಿಯದು, ಬ್ರೇಕಿನದು, ಚಳಿಯಲ್ಲಿ ಇಂಜಿನ್ ಬಿಸಿ ಮಾಡುವ ಹಳದಿಯದು. ಅವು ಹತ್ತಿದರೆ ಒಂದು ದಿನ ತಡೆಯಬಹುದು. ಬ್ರೇಕಿನದನ್ನೂ ಹುಷಾರಾಗಿ ಅಂಗಡಿಯವರೆಗೆ ತರಬಹುದು. ಕಿಟ್ಲಿ ಹತ್ತಿದರೆ ಮಾತ್ರ ನಿಂತಲ್ಲೇ ನಿಲ್ಲಬೇಕು. ಇಂಜಿನ್ನಿನ ಒಳಗೆ ಎಣ್ಣೆ ಓಡಾಡುತ್ತಿಲ್ಲ, ಕಬ್ಬಿಣ ಕಬ್ಬಿಣವನ್ನು ತಿನ್ನುತ್ತಿದೆ ಎಂದು ಅದರ ಅರ್ಥ.

ನಾನು ಕ್ರಮವಾಗಿಯೇ ನೋಡಿದೆ. ಇದನ್ನು ಹೇಳಲೇಬೇಕು, ಏಕೆಂದರೆ ನನಗೆ ಕೆಲಸ ಬರುವುದಿಲ್ಲ ಎಂದು ಯಾರೂ ತಿಳಿಯಬಾರದು. ಮೊದಲು ಎಣ್ಣೆಯ ಕಡ್ಡಿ ಎಳೆದು ನೋಡಿದೆ, ಎಣ್ಣೆ ಗೆರೆಯವರೆಗೆ ಇತ್ತು. ಇಂಜಿನ್ನಿನ ಪಕ್ಕದ ಸ್ವಿಚ್ಚಿನಿಂದ ವೈರು ಕಿತ್ತೆ, ದೀಪ ಆರಿತು. ಅಂದರೆ ವೈರು ಎಲ್ಲೂ ತಗಡಿಗೆ ತಾಗಿಲ್ಲ. ಹೊಸ ಸ್ವಿಚ್ಚು ಹಾಕಿದೆ. ಬೆಳಿಗ್ಗೆ ತಣ್ಣಗಿದ್ದಾಗ ದೀಪ ಆರಿತು, ಅಣ್ಣ ಚಹಾ ತರಿಸಿದ. ಕೋಡ್ಲಾದ ಕಡೆ ಒಂದು ಸುತ್ತು ಹೊಡೆದು ಇಂಜಿನ್ ಕಾದು ಬಂದ ಮೇಲೆ ಮತ್ತೆ ಮಿಣುಕತೊಡಗಿತು. ಆಗ ಸ್ವಿಚ್ಚು ಬಿಚ್ಚಿ ಆ ಜಾಗದಲ್ಲಿ ಎಣ್ಣೆಯ ಒತ್ತಡ ತೋರಿಸುವ ಮುಳ್ಳಿನ ಮೀಟರನ್ನು ನೇರವಾಗಿ ಕೂಡಿಸಿದೆ. ತಣ್ಣಗಿದ್ದಾಗ ಮುಳ್ಳು ಎದ್ದು ನಿಲ್ಲುತ್ತಿತ್ತು. ಕಾದ ಮೇಲೆ ಮಲಗಿಬಿಡುತ್ತಿತ್ತು. ದೀಪ ಸುಳ್ಳು ಹೇಳುತ್ತಿರಲಿಲ್ಲ. ಒಳಗೆ ಬೇರಿಂಗುಗಳು ಸವೆದು ಹೋಗಿದ್ದವು.

"ಇಂಜಿನ್ ಇಳಸಬೇಕಣ್ಣಾ. ಹದಿನೈದ್ ದಿನದ ಕೆಲಸ" ಅಂದೆ.

"ಹದಿನೈದ್ ದಿನ ಎಲ್ಲಿಂದ ತರ್ಲಿ? ಸೋಮಾರ ಗೇಟಿಗಿ ನಿಂದರಬೇಕು" ಅಂದ.

ಆಗಲೇ ನನಗೆ ಪೂರ್ತಿ ವಿಷಯ ತಿಳಿದದ್ದು. ನಮ್ಮ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳಿಗೆ ಬರವಿಲ್ಲ. ಅಂಥ ಒಂದು ಕಡೆ, ಗಣಿಯ ಒಳಗೆ ಸಿಬ್ಬಂದಿಯನ್ನು ಕರೆದುಕೊಂಡು ತಿರುಗುವ ಕೆಲಸಕ್ಕೆ ಜೀಪು ಬೇಕಾಗಿತ್ತು. ಅಣ್ಣ ಗುತ್ತಿಗೆದಾರನಿಗೆ ಮಾತು ಕೊಟ್ಟು ಬಂದಿದ್ದ. ಗಾಡಿ ಒಳಗೆ ಹೋಗುವ ಮೊದಲು ಗೇಟಿನಲ್ಲಿ ತಪಾಸಣೆ. ಅವರ ಕಾಗದದಲ್ಲಿ ಒಂದು ಸಾಲು ಹೀಗಿತ್ತು: ಕೀಲಿ ತಿರುವಿದಾಗ ಎಲ್ಲ ದೀಪ ಹತ್ತಬೇಕು, ಇಂಜಿನ್ ಚಾಲೂ ಆದ ಮೇಲೆ ಎಲ್ಲ ಆರಬೇಕು. ಬಲ್ಬು ಕಿತ್ತು ಹಾಕಿದರೆ ಸಿಕ್ಕಿಬೀಳುತ್ತಾರೆ. ಅಷ್ಟು ಶಾಣ್ಯಾ ಜನ ಆ ಕಾಗದ ಬರೆದಿದ್ದರು.

ಆದರೆ ನಮ್ಮ ಕಸುಬಿನವರು ಅವರಿಗಿಂತ ಶಾಣ್ಯಾ. ನನಗೆ ಕೆಲಸ ಕಲಿಸಿದ ಉಸ್ತಾದ್ ಇದನ್ನು "ಜೋಡಿ ಕಟ್ಟೋದು" ಅನ್ನುತ್ತಿದ್ದರು. ಕಿಟ್ಲಿ ದೀಪದ ವೈರನ್ನು ಇಂಜಿನ್ನಿನ ಸ್ವಿಚ್ಚಿನಿಂದ ಬಿಡಿಸಿ ಬ್ಯಾಟರಿ ದೀಪದ ವೈರಿಗೆ ಸೇರಿಸಿ ಟೇಪು ಸುತ್ತುವುದು. ಆಮೇಲೆ ಆ ದೀಪಕ್ಕೂ ಎಣ್ಣೆಗೂ ಸಂಬಂಧವೇ ಇಲ್ಲ. ಕೀಲಿ ತಿರುವಿದರೆ ಬ್ಯಾಟರಿ ದೀಪದ ಜೊತೆ ಹತ್ತುತ್ತದೆ, ಡೈನಮೊ ತಿರುಗಿದ ಕೂಡಲೇ ಅದರ ಜೊತೆ ಆರುತ್ತದೆ. ಇಂಜಿನ್ನಿನಲ್ಲಿ ಒಂದು ಹನಿ ಎಣ್ಣೆ ಇಲ್ಲದಿದ್ದರೂ, ಇಂಜಿನ್ ತಿರುಗುತ್ತಿರುವಷ್ಟು ಹೊತ್ತು ಅದು ಮತ್ತೆ ಹತ್ತುವುದಿಲ್ಲ. ಮಾರಾಟಕ್ಕೆ ಬಂದ ಹಳೆಯ ಗಾಡಿಗಳಿಗೆ ಇದನ್ನು ಸೇಡಂನಿಂದ ಚಿಂಚೋಳಿಯವರೆಗೆ ಎಲ್ಲ ಮಿಸ್ತ್ರಿಗಳೂ ಮಾಡುತ್ತಾರೆ, ಮಾಡಿಲ್ಲ ಎಂದು ಆಣೆಯನ್ನೂ ಮಾಡುತ್ತಾರೆ.

ನಾನು ಒಲ್ಲೆ ಅಂದೆ. ಒಮ್ಮೆ ಅಂದೆ, ಎರಡು ಸಲ ಅಂದೆ. ಅಣ್ಣ ಜಗಳವಾಡಲಿಲ್ಲ. ಸ್ಟೂಲಿನ ಮೇಲೆ ಕುಳಿತು ನಿಧಾನವಾಗಿ, "ಕಾರಹುಣ್ಣಿಮಿ ಆದ ಕೂಡಲೆ ಇಂಜಿನ್ ಇಳಸೋಣ. ಎರಡ್ ತಿಂಗಳ ಮಾತು. ನಾನೇನ್ ಹೊರಗಿನಂವ ಏನು?" ಅಂದ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು ಅವನೇ. ಆ ಮಾತನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹತ್ತು ನಿಮಿಷದ ಕೆಲಸ. ಟೇಪನ್ನು ಚೆನ್ನಾಗಿಯೇ ಸುತ್ತಿದೆ, ಹಳೆಯದಾಗಿ ಕಾಣಲೆಂದು ಅದರ ಮೇಲೆ ಸ್ವಲ್ಪ ಗ್ರೀಸು, ಧೂಳು ಸವರಿದೆ.

ಸೋಮವಾರ ಅಣ್ಣ ಗಾಡಿ ತೊಳೆದು, ಬಾನೆಟ್ಟಿಗೆ ಮೂರು ಬೆರಳು ವಿಭೂತಿ ಎಳೆದು, ಗಾಲಿಗೆ ನಿಂಬೆಹಣ್ಣು ಇಟ್ಟು ಗೇಟಿಗೆ ಹೋದ. ಪಾಸಾಯಿತು.

ಜೀಪು ಓಡಿಸಲು ಅಣ್ಣ ಒಬ್ಬ ಡ್ರೈವರನನ್ನು ಇಟ್ಟ. ವಾಡಿಯ ಹತ್ತಿರದವನು. ನನಗಿಂತ ಹತ್ತು ವರ್ಷ ದೊಡ್ಡವನು, ಹಾಗಾಗಿ ಕಾಕಾ ಅನ್ನುತ್ತಿದ್ದೆ. ವರ್ಷಗಟ್ಟಲೆ ಗಣಿಗಳಲ್ಲಿ ಟಿಪ್ಪರ್ ಓಡಿಸಿದ ಕೈ. ದಿನಾ ಬೆಳಿಗ್ಗೆ ಎಣ್ಣೆಯ ಕಡ್ಡಿ ಎಳೆದು, ತನ್ನ ಹೆಗಲ ಮೇಲಿನ ಟವೆಲ್ಲಿಗೇ ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದ. ಅವನ ಹೆಂಡತಿ ಆ ಟವೆಲ್ಲಿನ ವಿಷಯಕ್ಕೆ ಬೈಯುತ್ತಾಳೆ ಎಂದು ತಾನೇ ಹೇಳಿ ನಗುತ್ತಿದ್ದ. ಕೀಲಿ ತಿರುವಿ, ಬೆರಳು ತೋರಿಸಿ, ದೀಪಗಳನ್ನು ಎಣಿಸುತ್ತಿದ್ದ. ಬೆಲ್ಟು ಬಿಗಿ ಮಾಡಿಸಲು ಒಮ್ಮೆ ನನ್ನ ಅಂಗಡಿಗೆ ಬಂದಾಗ ಅವನು ಕೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಮಿಸ್ತ್ರಿ, ಬ್ಯಾಟರಿ ಲೈಟು ಕಿಟ್ಲಿ ಲೈಟು ಎರಡೂ ಒಂದೇ ಟೈಮಿಗಿ ಆರ್ತಾವಲ್ರಿ. ನಾ ಓಡಿಸಿದ ಗಾಡ್ಯಾಗೆಲ್ಲ ಕಿಟ್ಲಿ ಜರಾ ಹಿಂದ ಮುಂದ ಆರ್ತಿತ್ತು."

ಕಣ್ಣು ಮಿಟುಕಿಸುವಷ್ಟು ಹೊತ್ತಿನ ವ್ಯತ್ಯಾಸ ಅದು. ನನ್ನ ಕಸುಬಿನವರಿಗೂ ಎಲ್ಲರಿಗೆ ಹೊಳೆಯುವುದಿಲ್ಲ. ನಾನು ಸ್ಪ್ಯಾನರ್ ಕೆಳಗಿಡದೆಯೇ, "ಹೊಸ ಸ್ವಿಚ್ ಹಾಕೀನಿ ಕಾಕಾ, ಅದಕ್ಕ ಹಂಗ" ಅಂದೆ. ಅವನು ತಲೆಯಾಡಿಸಿದ. ಅವತ್ತು ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಹೇಳಿದ್ದರೆ ಅವನು ಮರುದಿನವೇ ಗಾಡಿ ಬಿಡುತ್ತಿದ್ದ, ಅಣ್ಣನಿಗೆ ಡ್ರೈವರ್ ಇಲ್ಲದಾಗುತ್ತಿತ್ತು. ನಾನು ಇದನ್ನೆಲ್ಲ ಯೋಚಿಸಿಯೇ ಸುಮ್ಮನಿದ್ದೆ, ಮರೆತು ಅಲ್ಲ.

ಕಾರಹುಣ್ಣಿಮೆಗೆ ಇನ್ನೂ ಎರಡು ವಾರ ಇತ್ತು. ಬಿಸಿಲು ಕಲ್ಲನ್ನೂ ಸುಡುತ್ತಿತ್ತು. ಗಣಿಯ ಒಳಗಿಂದ ನಾಲ್ಕು ಜನರನ್ನು ಹತ್ತಿಸಿಕೊಂಡು ಏರು ಹತ್ತುವಾಗ ಇಂಜಿನ್ ಬಡಿದುಕೊಂಡು ಒಮ್ಮೆಲೇ ಜಾಮಾಯಿತು. ಜೀಪು ಹಿಂದಕ್ಕೆ ಜಾರಿತು. ಕಾಕಾ ಸ್ಟೇರಿಂಗ್ ತಿರುಗಿಸಿ ಮಣ್ಣಿನ ದಿಬ್ಬಕ್ಕೆ ಒತ್ತಿ ನಿಲ್ಲಿಸಿದ. ಇನ್ನೊಂದು ಕಡೆ ಬಿಟ್ಟಿದ್ದರೆ ಕೆಳಗೆ ಆಳವಾದ ಗಣಿ. ಯಾರಿಗೂ ಏನೂ ಆಗಲಿಲ್ಲ. ಆ ನಾಲ್ಕು ಜನ ಇವತ್ತು ಬದುಕಿರುವುದು ಅವನಿಂದ, ಅವರು ಸಾಯುವ ಹತ್ತಿರ ಹೋದದ್ದು ನನ್ನಿಂದ.

ಅಣ್ಣ ಫೋನ್ ಮಾಡಿ ಕರೆಸಿಕೊಂಡ. ನಾನು ಹೋಗುವಷ್ಟರಲ್ಲಿ ಜೀಪನ್ನು ಎಳೆದು ತಂದು ಗೇಟಿನ ಹತ್ತಿರದ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ತಪಾಸಣೆಯ ಸಾಹೇಬರು, ಗುತ್ತಿಗೆದಾರ, ಅಣ್ಣ, ಬೇರೆ ಗಾಡಿಗಳ ಒಂದಷ್ಟು ಡ್ರೈವರುಗಳು. ಎಣ್ಣೆ ಕಡ್ಡಿ ಎಳೆದು ನೋಡಿದ್ದರು, ಎಣ್ಣೆ ಇತ್ತು. ಎಣ್ಣೆ ಇದ್ದೂ ಇಂಜಿನ್ ಜಾಮಾಗಿದೆ ಎಂದರೆ ಅದು ಒಳಗೆ ಓಡಾಡಿಲ್ಲ, ಹಾಗಾದರೆ ಕಿಟ್ಲಿ ದೀಪ ಹತ್ತಿರಲೇಬೇಕು, ಹತ್ತಿದರೂ ನಿಲ್ಲಿಸದೆ ಟ್ರಿಪ್ ಮುಗಿಸುವ ಅವಸರದಲ್ಲಿ ಓಡಿಸಿದ್ದಾನೆ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪೇನಲ್ಲ, ಗಾಡಿ ಸರಿಯಿದ್ದಿದ್ದರೆ.

"ಲೈಟ್ ಹತ್ತಿಲ್ರಿ ಸಾಹೇಬ್ರ" ಅನ್ನುತ್ತಿದ್ದ ಕಾಕಾ. "ನನ್ ನದರ್ ಅದರ ಮ್ಯಾಲೇ ಇತ್ತು. ಇಂಜಿನ್ ಬಂದ್ ಬಿದ್ದ ಮ್ಯಾಲ ಹತ್ತಿತು. ಮೊದಲ ಹತ್ತಿಲ್ಲ."

"ಬಂದ್ ಬಿದ್ದ ಮ್ಯಾಲ ಎಲ್ಲಾ ಗಾಡ್ಯಾಗೂ ಹತ್ತತದ" ಎಂದು ಒಬ್ಬ ಡ್ರೈವರ್ ನಕ್ಕ.

ಸಾಹೇಬರು ನನ್ನ ಕಡೆ ತಿರುಗಿದರು. ನಾನು ಆ ಗಾಡಿಯ ಮಿಸ್ತ್ರಿ ಎಂಬುದು ಅವರಿಗೆ ಗೊತ್ತಿತ್ತು. "ನೀವ್ ಹೇಳ್ರಿ ಮಿಸ್ತ್ರಿ. ಆ ಲೈಟ್ ಹತ್ತತದೋ ಇಲ್ಲೋ?"

ಕಾಕಾ ನನ್ನನ್ನು ನೋಡಿದ. ಅವನ ಮುಖದಲ್ಲಿ ಭಯ ಇರಲಿಲ್ಲ. ಮಿಸ್ತ್ರಿ ಬಂದ, ಇನ್ನು ನನ್ನ ಮಾತು ನಿಲ್ಲುತ್ತದೆ ಎಂದು ನಂಬಿದವನ ಮುಖ ಅದು. ಅಣ್ಣ ಮೊಬೈಲಿನಲ್ಲಿ ಏನನ್ನೋ ಓದುತ್ತಿದ್ದ. ಓದುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ, ಪರದೆ ಕಪ್ಪಗಿತ್ತು. ನಾನು ಜೀಪಿನೊಳಗೆ ಕೈ ಹಾಕಿ ಕೀಲಿ ತಿರುವಿದೆ. ಬ್ಯಾಟರಿ ದೀಪ ಹತ್ತಿತು, ಅದರ ಜೋಡಿ ಕಿಟ್ಲಿಯೂ ಕೆಂಪಗೆ, ಚೆಂದವಾಗಿ ಹತ್ತಿತು.

"ಹತ್ತತದ್ರಿ" ಅಂದೆ.

ಅಷ್ಟೇ ಅಂದದ್ದು. ನೋಡಿದವರ ಕಣ್ಣಿಗೂ ಅದು ಹತ್ತಿತ್ತು. ಕೀಲಿ ತಿರುವಿದಾಗ ಹತ್ತಿದರೆ ಬಲ್ಬು ಸುಟ್ಟಿಲ್ಲ ಎಂದಷ್ಟೇ ಅರ್ಥ, ಎಣ್ಣೆಯ ಒತ್ತಡ ಬಿದ್ದಾಗ ಹತ್ತುತ್ತದೆ ಎಂದಲ್ಲ. ಅದನ್ನು ಅಲ್ಲಿ ಬಿಡಿಸಿ ಹೇಳಬಲ್ಲವನು ನಾನೊಬ್ಬನೇ ಇದ್ದೆ. ನಾನು ಸುಳ್ಳು ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟೆ ಎಂದು ಆಮೇಲೆ ಒಂದು ವರ್ಷ ನನಗೆ ನಾನೇ ಹೇಳಿಕೊಂಡೆ. ಹೊಲಸು ಸಮಾಧಾನ.

ಕಾಕಾ ಹತ್ತಿದ ದೀಪವನ್ನೇ ನೋಡುತ್ತ ನಿಂತ. ಸಾಹೇಬರು ಅವನ ಗೇಟ್ ಪಾಸ್ ತೆಗೆದುಕೊಂಡರು. ಸುದ್ದಿ ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲ ಕಡೆಯ ಗೇಟುಗಳಿಗೆ ಅವನಿಗಿಂತ ಮುಂಚೆ ಹೋಗಿ ಮುಟ್ಟಿತು. ಲೈಟ್ ಕಾಣದ ಡ್ರೈವರ್ ಎಂದು ಹೆಸರಿಟ್ಟರು. ಅಣ್ಣ ಇಂಜಿನ್ ಇಳಿಸಿ ಕೆಲಸ ಮಾಡಿಸಿದ, ನಾನು ಟೇಪು ಬಿಚ್ಚಿ ವೈರನ್ನು ಅದರ ಜಾಗಕ್ಕೆ ಸೇರಿಸಿದೆ, ಹೊಸ ಡ್ರೈವರನೊಂದಿಗೆ ಜೀಪು ಮತ್ತೆ ಅದೇ ಗೇಟಿನೊಳಗೆ ಹೋಯಿತು. ಕಾಕಾನ ಮಾತು ತೆಗೆದಾಗ ಅಣ್ಣ, "ಅಂವಗ ಬ್ಯಾರೆ ಕಡಿ ಸಿಗತದ ಬಿಡು" ಅಂದ. ಆ ಮಾತನ್ನು ನಾನೂ ನಂಬಿದೆ, ಯಾಕೆಂದರೆ ನಂಬುವುದು ನನಗೂ ಅನುಕೂಲವಾಗಿತ್ತು.

ಮೂರು ವರ್ಷವಾದ ಮೇಲೆ, ಅಂಗಡಿಯ ನೆಲಕ್ಕೆ ಹಾಸಲು ಕಲ್ಲು ತರಲೆಂದು ಶಹಾಬಾದಿಗೆ ಹೋದೆ. ನಮ್ಮ ಕಡೆ ನೆಲಕ್ಕೆ ಹಾಸುವ ಆ ಚಪ್ಪಟೆ ಕಲ್ಲಿಗೆ ಪರ್ಸಿ ಅನ್ನುತ್ತೇವೆ. ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಬಿಳಿ ಕೆಸರಿನಲ್ಲಿ ನಿಂತು ಪರ್ಸಿ ಹೊರುತ್ತಿದ್ದವರಲ್ಲಿ ಒಬ್ಬ ಕನ್ನಡಕ ಹಾಕಿದ್ದ. ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಕಾಕಾನೇ ಮೊದಲು ಮಾತಾಡಿಸಿದ. ಸಿಟ್ಟಿಲ್ಲ, ಕೊಂಕಿಲ್ಲ, "ಆರಾಮ್ ಇದ್ದೀರಿಲ್ರಿ ಮಿಸ್ತ್ರಿ? ಕುಂದ್ರಿ" ಎಂದು ಮಗುಚಿದ ಬುಟ್ಟಿಯೊಂದನ್ನು ಒರೆಸಿ ಕೊಟ್ಟ.

ಗಾಡಿ ಓಡಿಸುವುದು ಬಿಟ್ಟಿರೇನು ಎಂದು ಕೇಳಿದೆ. ಕೇಳಬಾರದಿತ್ತು.

"ಬಿಟ್ಟೆರಿ. ಕೊಡವರೂ ಯಾರಿಲ್ಲ, ನನಗೂ ಧೈರ್ಯ ಇಲ್ಲ. ನನ್ ಕಣ್ಣಾಗೇ ಏನೋ ಅದ" ಅಂದ. ಚಿತ್ತಾಪುರದ ದವಾಖಾನೆಗೆ ಹೋಗಿ ಕಣ್ಣು ತೋರಿಸಿದನಂತೆ. "ಕೆಂಪ್ ಬಣ್ಣ ಕಾಣ್ತದೋ ಇಲ್ಲೋ ನೋಡ್ರಿ ಅಂದೆ. ಚುಕ್ಕಿ ಚುಕ್ಕಿ ಇರೋ ಪುಸ್ತಕ ತೋರ್ಸಿದ್ರು. ಬರೋಬರ್ ಅದ ಅಂದ್ರು ಡಾಕ್ಟರ್. ಹಂಗಂದ್ರ ಮತ್ತ ಅವತ್ತು ಯಾಕ ಕಾಣ್ಲಿಲ್ಲ? ಕಲಬುರಗಿಗಿ ಹೋಗಿ ಮತ್ತೊಂದ್ ಕಡಿ ತೋರ್ಸಿ ಚಷ್ಮಾ ತಗೊಂಡೆ." ಈಗಲೂ ಬಸ್ಸಿನಲ್ಲಿ ಹೋದರೆ ಮುಂದೆ ಹೋಗಿ ನಿಂತು ಡ್ರೈವರನ ಬೋರ್ಡಿನ ದೀಪಗಳನ್ನು ನೋಡುತ್ತಾನಂತೆ, ಕಾಣುತ್ತವೋ ಇಲ್ಲವೋ ಎಂದು. ಅಳಿಯ ಕಾರು ತಂದಿದ್ದಾನೆ, ಇವನು ಒಂದು ದಿನವೂ ಮೊಮ್ಮಗಳನ್ನು ಕೂಡಿಸಿಕೊಂಡು ಓಡಿಸಿಲ್ಲ.

ಊರವರು ಅವನ ಮಾತನ್ನು ನಂಬಲಿಲ್ಲ ಎಂದಷ್ಟೇ ನಾನು ತಿಳಿದಿದ್ದೆ. ಅವನೇ ತನ್ನ ಮಾತನ್ನು ನಂಬುವುದನ್ನು ಬಿಟ್ಟಿದ್ದ. ಅಲ್ಲಿಯೇ, ಕಲ್ಲು ಕೊಯ್ಯುವ ಯಂತ್ರದ ಸದ್ದಿನಲ್ಲಿ, ಎಲ್ಲವನ್ನೂ ಹೇಳಿದೆ. ವೈರು, ಟೇಪು, ಅಣ್ಣ, ನಾನು, ಮುಚ್ಚುಮರೆ ಇಲ್ಲದೆ.

ಅವನು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ.

"ಅಂದ್ರ ಹತ್ತೇ ಇಲ್ಲ?"

"ಹತ್ತಿಲ್ಲ ಕಾಕಾ."

ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಅರ್ಧ ಭಾರ ಇಳಿಯುತ್ತಿತ್ತೇನೋ. ಅವನು ಒಂದೇ ಒಂದು ಮಾತು ಕೇಳಿದ. "ಈ ಮಾತ್ ಆ ಗೇಟಿನ್ಯಾಗ, ಆ ಮಂದಿ ಮುಂದ ಹೇಳ್ತೀರೇನ್ರಿ?"

"ಹೇಳ್ತೀನಿ ಕಾಕಾ. ಮುಂದಿನ ವಾರ ಇಬ್ರೂ ಕೂಡೇ ಹೋಗೋಣ" ಅಂದೆ. ಆ ಹೊತ್ತಿನಲ್ಲಿ ನಿಜವಾಗಿಯೂ ಹೋಗುವವನಿದ್ದೆ. ಅವನು ನನ್ನ ನಂಬರ್ ಬರೆದುಕೊಂಡ. ಆಮೇಲೆ ಎದ್ದು ನನ್ನ ಕಲ್ಲುಗಳನ್ನು ತಾನೇ ಟೆಂಪೋಕ್ಕೆ ತುಂಬಿಸಿದ, ನಾನು ಕೈ ಹಚ್ಚಲು ಹೋದರೆ ಬೇಡವೆಂದ.

ಮನೆಗೆ ಬಂದು ಅಣ್ಣನಿಗೆ ಫೋನ್ ಮಾಡಿದೆ. ಅಣ್ಣ ಪೂರ್ತಿ ಕೇಳಿಸಿಕೊಂಡು ಶಾಂತವಾಗಿ ಹೇಳಿದ: "ಹೋಗು, ಹೇಳು. ನಾ ಯಾಕ ಬ್ಯಾಡನ್ಲಿ? ಆದ್ರ ಜೋಡಿ ಕಟ್ಟದಂವ ಯಾರಂತ ಕೇಳ್ತಾರ. ನನಗ ವೈರಿಂಗ್ ಬರಂಗಿಲ್ಲಂತ ಎಲ್ಲರಿಗಿ ಗೊತ್ತದ." ಆಗ ಆ ಗೇಟಿನ ಹತ್ತು ಹನ್ನೆರಡು ಗಾಡಿಗಳು ನನ್ನ ಅಂಗಡಿಗೇ ಬರುತ್ತಿದ್ದವು. ಇವತ್ತಿಗೂ ಬರುತ್ತವೆ.

ಮುಂದಿನ ವಾರ ಕಾಕಾ ಫೋನ್ ಮಾಡಿದ. ಅಂಗಡಿಯಲ್ಲಿ ಭಾಳ ಕೆಲಸ ಅಂದೆ. ಹದಿನೈದು ದಿನ ಬಿಟ್ಟು ಮತ್ತೆ ಮಾಡಿದ. ಆ ಸಾಹೇಬರಿಗೆ ವರ್ಗವಾಗಿದೆಯಂತೆ, ವಿಚಾರಿಸಿ ಹೇಳುತ್ತೇನೆ ಅಂದೆ. ಯಾರನ್ನೂ ವಿಚಾರಿಸಲಿಲ್ಲ. ಮೂರನೆಯ ಸಲ ಅವನ ನಂಬರ್ ನೋಡಿ ಎತ್ತಲೋ ಬೇಡವೋ ಎಂದು ಯೋಚಿಸಿ, ಕೊನೆಯ ರಿಂಗಿಗೆ ಎತ್ತಿದೆ. ನಾನು ನೆಪ ಹುಡುಕುವಷ್ಟರಲ್ಲಿ ಅವನೇ ಮಾತಾಡಿದ.

"ಬ್ಯಾಡ ಬಿಡ್ರಿ ಮಿಸ್ತ್ರಿ. ತ್ರಾಸ್ ತಗೋಬ್ಯಾಡ್ರಿ. ನನಗ ಗೊತ್ತಾತಲ್ಲ, ಸಾಕು."

ಆಯ್ತು ಕಾಕಾ ಅಂದೆ, ಫೋನ್ ಇಟ್ಟೆ. ಆಗ ನನಗೆ ಮೊದಲು ಆದದ್ದು ನಾಚಿಕೆಯಲ್ಲ, ನಿರಾಳ. ಕೈ ತೊಳೆದುಕೊಂಡು ಊಟಕ್ಕೆ ಕೂತೆ, ಎರಡು ರೊಟ್ಟಿ ಜಾಸ್ತಿಯೇ ತಿಂದೆ. ನಾಚಿಕೆ ಬಂದದ್ದು ಊಟವಾದ ಮೇಲೆ.